ಉಯಿಲಿನ ಮೂಲೆಯ ನಾಲ್ಕು ತೂತು

ಒಲೆಯ ಬಾಗಿಲು ತೆರೆದೇ ಇತ್ತು. ಮರ್ನಾಳ ಕೈಯಲ್ಲಿದ್ದ ಚೀಟಿಗೂ ಒಳಗಿನ ಕೆಂಡಕ್ಕೂ ನಡುವೆ ಒಂದು ಗೇಣು. ಬೆಳಗ್ಗೆ ಏಳಕ್ಕೆ ಹಾಗೆ ನಿಂತವಳು ನಡುವೆ ಚಹಾ ಮಾಡಿಕೊಂಡು ಕುಡಿದಿದ್ದಳು, ಕೋಳಿಗಳಿಗೆ ಕಾಳು ಹಾಕಿ ಬಂದಿದ್ದಳು, ಸತ್ತ ಅತ್ತೆ ಈನಿಡಳ ಕೋಣೆಯ ಕಿಟಕಿ ತೆರೆದು ಮತ್ತೆ ಮುಚ್ಚಿದ್ದಳು. ಪ್ರತಿ ಸಲವೂ ಕಾಲು ತಂದು ನಿಲ್ಲಿಸಿದ್ದು ಇದೇ ಒಲೆಯ ಮುಂದೆ. ಈಗ ಹತ್ತು ಗಂಟೆ. ಹನ್ನೊಂದಕ್ಕೆ ಲೈಬ್ರರಿಗೆ ಹೋಗಬೇಕು. ಊರಿನವರ ಅಫಿಡವಿಟ್ಟುಗಳಿಗೆಲ್ಲ ಸಾಕ್ಷಿ ಹಾಕುವ ಜೆ.ಪಿ. ಡೆಸ್ ಲಾಕೆಟ್ ಗುರುವಾರ ಮಾತ್ರ ಅಲ್ಲಿ ಮೇಜು ಹಾಕಿಕೊಂಡು ಕೂರುತ್ತಾನೆ. ಅವನೆದುರು ಪ್ರಮಾಣ ಮಾಡಿ, ಇಂಥದೊಂದು ಚೀಟಿ ಯಾವತ್ತೂ ಇರಲಿಲ್ಲ ಎಂದು ಸಹಿ ಹಾಕಬೇಕು. ಚೀಟಿಯೇ ಇಲ್ಲವಾಗಿಬಿಟ್ಟರೆ ಆ ಮಾತು ಅರ್ಧ ನಿಜವಾದರೂ ಆದೀತು ಎಂದು ರಾತ್ರಿಯೆಲ್ಲ ಅನಿಸಿದ್ದು, ಬೆಳಕಿನಲ್ಲಿ, ಕೆಂಡದ ಮುಂದೆ, ಮಕ್ಕಳ ಲೆಕ್ಕಾಚಾರದಂತೆ ಕಂಡಿತು.

ವಕೀಲರ ಕಾಗದ ಮೇಜಿನ ಮೇಲೆ ಬೆಣ್ಣೆಯ ಡಬ್ಬಿಯ ಕೆಳಗೆ ಬಿದ್ದಿತ್ತು. ಅದರ ಮಾತುಗಳು ಅವಳಿಗೆ ಬಾಯಿಪಾಠವಾಗಿದ್ದವು. ಈನಿಡ್ ಟಿಲ್ಯಾರ್ಡ್ ಅವರ ಉಯಿಲಿನ ಮೂಲಪ್ರತಿಯನ್ನು ಹೋಬಾರ್ಟಿನ ಕೋರ್ಟಿನವರು ನೋಡಿದ್ದಾರೆ. ಎಡಮೂಲೆಯಲ್ಲಿ ಎರಡು ಇರಬೇಕಾದ ಕಡೆ ಸ್ಟೇಪ್ಲರ್ ಪಿನ್ನಿನ ನಾಲ್ಕು ತೂತುಗಳಿವೆ. ಎರಡರ ಸುತ್ತ ತುಕ್ಕಿನ ಕಲೆ ಇದೆ, ಉಳಿದೆರಡರ ಸುತ್ತ ಇಲ್ಲ. ಕೊನೆಯ ಹಾಳೆಯ ಹಿಂಬದಿಯಲ್ಲಿ ಇಸ್ಪೀಟೆಲೆಯಷ್ಟು ಜಾಗ ಮಿಕ್ಕ ಕಾಗದಕ್ಕಿಂತ ಬಿಳಿಯಾಗಿದೆ. ಇದಕ್ಕೆ ಕಾರಣವೇನು, ಉಯಿಲಿಗೆ ಬೇರೆ ಕಾಗದವೇನಾದರೂ ಸೇರಿತ್ತೇ ಎಂಬುದನ್ನು ಅದನ್ನು ಜೋಪಾನ ಮಾಡಿದವರು ಪ್ರಮಾಣ ಮಾಡಿ ಹೇಳಬೇಕು. ಕಾಗದವೂ ಚಾಡಿ ಹೇಳುತ್ತದೆ ಎಂದು ಅರವತ್ತಾರು ವರ್ಷ ಬದುಕಿದವಳಿಗೆ ಗೊತ್ತಿರಲಿಲ್ಲ. ಗೋಡೆಯಿಂದ ಪಟ ತೆಗೆದರೆ ಜಾಗ ಬಿಳಿಯಾಗಿ ಉಳಿಯುವುದನ್ನು ನೋಡಿದ್ದಳು. ಇಷ್ಟು ಸಣ್ಣ ಚೀಟಿ, ತಗಡಿನ ಡಬ್ಬದ ಕತ್ತಲಲ್ಲಿ ಒಂಬತ್ತು ವರ್ಷ ಮಲಗಿದ್ದದ್ದು, ತನ್ನ ಮೈಯ ಅಳತೆಯನ್ನು ಬಿಟ್ಟುಹೋಗುತ್ತದೆ ಎಂದು ಯಾರು ತಾನೆ ಎಣಿಸುತ್ತಾರೆ. ಹೋಬಾರ್ಟಿನಲ್ಲಿ ಯಾರೋ ಒಬ್ಬರು, ಹೆಸರು ಗೊತ್ತಿಲ್ಲದ ಗಂಡಸೋ ಹೆಂಗಸೋ, ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೂತು ಎಣಿಸಿದ್ದಾರೆ. ಎಣಿಸುವಾಗ ತುಟಿ ಅಲ್ಲಾಡಿಸಿರಬೇಕು.

ಚೀಟಿಯ ಒಂದು ಬದಿಯಲ್ಲಿ ಬೆಣ್ಣೆ, ಅಡುಗೆ ಸೋಡಾ, ಬಲ್ಬು ಎಂದು ಬರೆದಿತ್ತು. ಇನ್ನೊಂದು ಬದಿಯಲ್ಲಿ, ಅದೇ ನೀಲಿ ಪೆನ್ನಿನಲ್ಲಿ, ಈನಿಡಳ ಮುಂದಕ್ಕೆ ಬಾಗಿದ ಅಕ್ಷರಗಳಲ್ಲಿ, ಮಗಳ ಬಗ್ಗೆ: ಗ್ಲೆನಿಸ್ ತಾನಾಗಿ ಬಂದು ಕೇಳಿದರೆ ಮನೆಯಲ್ಲಿ ಅರ್ಧ ಅವಳಿಗೆ. ಕೇಳದಿದ್ದರೆ ಇಲ್ಲ. ಕೆಳಗೆ ಸಹಿ, ತಾರೀಕು.

ಮಾರ್ಚಿನಲ್ಲಿ ಆ ಡಬ್ಬ ತೆಗೆಯಲು ಹೇಳಿದವಳು ಈನಿಡಳೇ. ಈಗ ಅದನ್ನು ನೆನೆದರೆ ಮರ್ನಾ ಕೈಯಲ್ಲಿದ್ದದ್ದನ್ನು ಕೆಳಗಿಡಬೇಕಾಗುತ್ತದೆ. ಅವತ್ತು ಏನೂ ಅನಿಸಿರಲಿಲ್ಲ. ಹಾಸಿಗೆಯಲ್ಲಿ ಒರಗಿ ಕೂತು, ರೇಡಿಯೋದಲ್ಲಿ ಕುದುರೆ ಓಟ ಕೇಳುತ್ತ—ಒಂದು ದಿನವೂ ದುಡ್ಡು ಕಟ್ಟಿದವಳಲ್ಲ, ಹೆಸರು ಚೆನ್ನಾಗಿದ್ದ ಕುದುರೆ ಗೆಲ್ಲಬೇಕು ಅಷ್ಟೇ—"ಬಿಸ್ಕತ್ತಿನ ಡಬ್ಬ ಒಂದ್ಸಲ ನೋಡೇ ಮರ್ನಾ, ಈ ಉಪ್ಪು ಗಾಳಿಗೆ ಒಳಗೆಲ್ಲ ತುಕ್ಕು ಹಿಡಿದಿರ್ಬೇಕು. ಈ ಮನೇಲಿ ತುಕ್ಕು ಹಿಡಿಯೋ ಹಕ್ಕು ನನಗೊಬ್ಬಳಿಗೇ ಇರೋದು" ಎಂದಿದ್ದಳು. ಸಮುದ್ರದಂಚಿನ ಮನೆ. ಕೀಲು, ಮೊಳೆ, ಹೊಲಿಗೆಯ ಸೂಜಿ, ಎಲ್ಲವನ್ನೂ ಎಣ್ಣೆಬಟ್ಟೆಯಲ್ಲಿ ಒರೆಸಿ ಒರೆಸಿ ಉಳಿಸಿಕೊಳ್ಳಬೇಕು. ಮದುವೆಯಾಗಿ ಬಂದ ಮೊದಲ ವಾರವೇ ಈನಿಡ್ ಕಲಿಸಿದ ಕೆಲಸ ಅದು. ಹಾಗೆಂದೇ ಉಯಿಲಿನ ಮೂಲೆಯಲ್ಲಿ ಪಿನ್ನು ಕಂದುಬಣ್ಣಕ್ಕೆ ತಿರುಗಿ ಕಾಗದವನ್ನು ಕೊರೆಯುತ್ತಿದ್ದದ್ದು ಕಂಡಾಗ, ಆಲೂಗಡ್ಡೆಯ ಸಿಪ್ಪೆ ತೆಗೆಯುವ ಚಾಕುವಿನ ತುದಿಯಿಂದ ಅದನ್ನು ಕಿತ್ತಳು. ಯಾವ ಹೆಂಗಸಾದರೂ ಕೀಳುತ್ತಿದ್ದಳು. "ಉಯಿಲಿನ ಪಿನ್ನು ಯಾರಾದ್ರೂ ಕೀಳ್ತಾರಾ ಮಿಸೆಸ್ ಟಿಲ್ಯಾರ್ಡ್?" ಎಂದು ಮೊನ್ನೆ ಫೋನಿನಲ್ಲಿ ವಕೀಲರ ಕಚೇರಿಯ ಹುಡುಗಿ ನಕ್ಕಿದ್ದಳು. ಹಾಲಿನ ಪಾತ್ರೆಗೆ ಬಾಯಿ ಹಾಕಿದ ನಾಯಿಯನ್ನು ಗದರುವಂಥ ನಗು, ಕೋಪವಿಲ್ಲದ್ದು, ಅದಕ್ಕೇ ಹೆಚ್ಚು ನೋಯುವಂಥದ್ದು.

ಪಿನ್ನು ಬಂದಾಗ ಕೊನೆಯ ಹಾಳೆಯ ಹಿಂದಿನಿಂದ ಚೀಟಿ ಜಾರಿ ಅಡುಗೆಮನೆಯ ಮೇಜಿನ ಮೇಲೆ ಬಿತ್ತು. ಓದಿದಳು. ಉಯಿಲನ್ನೂ ಓದಿದಳು: ಮನೆ ಮತ್ತು ಮನೆಯೊಳಗಿನದೆಲ್ಲ ನನ್ನ ಮಗ ರಾಸ್‌ನ ವಿಧವೆ ಮರ್ನಾಳಿಗೆ. ಆಮೇಲೆ ಹೊಸ ಪಿನ್ನು ಹೊಡೆದಳು. ಹೊಡೆಯುವಾಗ ಚೀಟಿ ಮೇಜಿನ ಮೇಲೆಯೇ ಇತ್ತು. ಇದನ್ನು ಅವಳು ನೂರು ಸಲ ಮನಸ್ಸಿನಲ್ಲಿ ಹಿಂದಕ್ಕೆ ಓಡಿಸಿ ನೋಡಿದ್ದಾಳೆ. ಬಿಡಬೇಕೆಂದು ಬಿಟ್ಟಳೇ, ಮರೆತಳೇ? ಪಿನ್ನು ಹೊಡೆದ ಸದ್ದು ನೆನಪಿದೆ. ಆಚೆ ಕೋಣೆಯಿಂದ "ತುಕ್ಕು ಹಿಡಿದಿತ್ತಾ?" ಎಂದು ಈನಿಡ್ ಕೂಗಿದ್ದು ನೆನಪಿದೆ. "ಇತ್ತು, ಸರಿ ಮಾಡಿದೆ" ಎಂದು ತಾನು ಹೇಳಿದ್ದೂ ನೆನಪಿದೆ. ಆ ಮಾತು ಮುಗಿದಾಗ ಚೀಟಿ ಏಪ್ರನ್ನಿನ ಜೇಬಿನಲ್ಲಿತ್ತು. ಮೇಜಿನಿಂದ ಜೇಬಿಗೆ ಹೋದದ್ದು ಮಾತ್ರ ನೆನಪಿಗೆ ಬರುವುದೇ ಇಲ್ಲ; ಬೇರೆ ಯಾರದೋ ಕೈ ಮಾಡಿದ ಕೆಲಸದ ಹಾಗೆ.

ಅವಳು ಒಲೆಯ ಬಾಗಿಲು ಮುಚ್ಚಿದಳು. ಚೀಟಿಯನ್ನು ಕನ್ನಡಕದ ಡಬ್ಬಿಯೊಳಗೆ ಮಡಚಿ ಇಟ್ಟಳು. ಅಫಿಡವಿಟ್ಟನ್ನು ಚೀಲಕ್ಕೆ ಹಾಕಿದಳು. ಹೊರಡುವಾಗ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲಿದ್ದ ಖಾಲಿ ಗಾಜಿನ ಬಾಟಲಿಯನ್ನೂ ಯಾಕೋ ತೆಗೆದು, ಟವೆಲ್ಲಿನಲ್ಲಿ ಸುತ್ತಿ, ಅದರ ಪಕ್ಕ ಇಟ್ಟಳು.

ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿತ್ತು. ರಸ್ತೆಯ ಆಚೆ ಕೆಂಪು ಮಣ್ಣಿನ ಹೊಲದಲ್ಲಿ ಈರುಳ್ಳಿ ಸಾಲುಗಳು ಬೆಟ್ಟದ ತನಕ ನೆಟ್ಟಗೆ ಓಡಿದ್ದವು. ಈ ದಾರಿಯಲ್ಲಿ ನಲವತ್ತು ವರ್ಷದಿಂದ ನಡೆದಿದ್ದಾಳೆ. ಎದುರಿಗೆ ಬಂದ ಕಾರಿನವರೆಲ್ಲ ಸ್ಟೀರಿಂಗಿನಿಂದ ಒಂದು ಬೆರಳು ಎತ್ತಿ ನಮಸ್ಕಾರ ಹೇಳುತ್ತಾರೆ. ಇವತ್ತು ಬೆರಳು ಎತ್ತಿದವರೆಲ್ಲ ತನ್ನನ್ನು ತೋರಿಸುತ್ತಿದ್ದಾರೆ ಅನಿಸಿತು. ಅರ್ಧ ಮನೆ ಎಂದರೆ ಏನು? ಅಡುಗೆಮನೆಯನ್ನು ಸೀಳಲಾಗುವುದಿಲ್ಲ. ಮಾರಬೇಕು. ಮಾರಿದರೆ ಅವಳ ಪಾಲಿಗೆ ಪೇಟೆಯಲ್ಲಿ ಯಾರದೋ ಅಂಗಡಿಯ ಹಿಂದಿನ ಕೋಣೆ, ಕೋಳಿ ಸಾಕಬಾರದು, ಗೋಡೆಗೆ ಮೊಳೆ ಹೊಡೆಯಬಾರದು, ಪಕ್ಕದವರ ಕೆಮ್ಮು ಕೇಳುತ್ತ ಸಾಯುವುದು. ಅವಳಿಗೆ ಬೇರೆ ಮನೆ ಇಲ್ಲ. ಮದುವೆಯಾದಂದಿನಿಂದ ಇದ್ದದ್ದೇ ಈನಿಡಳ ಮನೆ. ರಾಸ್ ಸತ್ತ ಮೇಲೂ ಹೋಗು ಎನ್ನಲಿಲ್ಲ ಮುದುಕಿ, ಇರು ಎಂದೂ ಹೇಳಲಿಲ್ಲ. ರಾಸ್‌ನ ಮಣ್ಣಿನ ದಿನ ಅವನ ತಂಗಿ ಗ್ಲೆನಿಸ್ ತಡವಾಗಿ, ಎಲ್ಲರೂ ಚಹಾ ಕುಡಿಯುವ ಹೊತ್ತಿಗೆ, ಬಸ್ಸಿಳಿದು ಬಂದಳು. ಈನಿಡ್ ಮಗಳ ಮುಖ ನೋಡಲಿಲ್ಲ, ತಟ್ಟೆ ಮುಂದೆ ಮಾಡಿದಳು. "ಸ್ಯಾಂಡ್‌ವಿಚ್ ಉಳಿದಿದೆ, ತಿನ್ನು. ಅದಕ್ಕೇ ತಾನೆ ಬಂದಿದ್ದು." ಅಷ್ಟೇ ಮಾತು. ಒಂದೂವರೆ ಮೈಲಿ ದೂರದಲ್ಲಿ ಮನೆ ಮಾಡಿಕೊಂಡಿದ್ದ ತಾಯಿ ಮಗಳು ಒಂಬತ್ತು ವರ್ಷ ಮಾತಾಡಲಿಲ್ಲ.

ಈ ವರ್ಷ ಜೂನಿನಲ್ಲಿ ಬಂದಳು. ಬುಧವಾರ, ಮೂರು ಗಂಟೆ. ಬಾಗಿಲು ತೆರೆದರೆ ಜಗಲಿಯ ಮೇಲೆ ಗ್ಲೆನಿಸ್, ತಲೆಗೂದಲೆಲ್ಲ ಬೆಳ್ಳಗಾಗಿ, ಕೈಯಲ್ಲಿ ಬ್ರೆಡ್ಡಿಗೆ ಸವರುವ, ಮನೆಯಲ್ಲೇ ಮಾಡಿದ ನಿಂಬೆಹುಳಿ ಬೆಣ್ಣೆಯ ಬಾಟಲಿ ಹಿಡಿದು. "ಅಮ್ಮನ್ನ ನೋಡ್ಬೇಕು" ಎಂದಳು. "ಒಂದು ಮಾತು ಕೇಳೋದಿತ್ತು." ಕೇಳೋದಿತ್ತು ಎಂಬ ಒಂದೇ ಪದ ಮರ್ನಾಳ ಕಿವಿಯಲ್ಲಿ ನಿಂತಿತು. ಆ ಪದಕ್ಕೆ ಅವಳು ಮಾರ್ಚಿನಿಂದ ಹೆದರಿಕೊಂಡಿದ್ದಳು. "ಮಲಗಿದ್ದಾರೆ" ಎಂದಳು. ಒಳಗೆ ಕುದುರೆಗಳು ಕೊನೆಯ ತಿರುವಿಗೆ ಬರುತ್ತಿದ್ದವು, ಈನಿಡ್ ಯಾವುದೋ ಹೆಸರು ಹಿಡಿದು ಹುರಿದುಂಬಿಸುತ್ತಿದ್ದಳು. ಗ್ಲೆನಿಸ್ ಬಾಟಲಿಯನ್ನು ಅವಳ ಕೈಗಿತ್ತು ಮೆಟ್ಟಿಲಿಳಿದಳು. ಆಗ ಮರ್ನಾ ಒಳಗೆ ಹೋದಳು, ಹಾಸಿಗೆಯ ಪಕ್ಕದ ರೇಡಿಯೋದ ಬಳಿಗೆ—ಅದಕ್ಕಿಂತ ಮುಂದೆ ಅವಳ ನೆನಪು ಹೋಗಲು ಒಪ್ಪುವುದಿಲ್ಲ, ಪ್ರತಿ ಸಲವೂ ಆ ಹೊಸ್ತಿಲಲ್ಲಿ ಮುಗ್ಗರಿಸಿ ಹಿಂದೆ ಬರುತ್ತದೆ.

"ಯಾರು ಬಂದಿದ್ದು?"

"ಮೀಟರ್ ನೋಡೋನು."

ಮಾರನೆಯ ದಿನ ಆ ಬೆಣ್ಣೆಯನ್ನು ಬ್ರೆಡ್ಡಿಗೆ ಸವರಿ ಕೊಟ್ಟಳು. ಹಾಳು ಮಾಡಲು ಮನಸ್ಸು ಬರಲಿಲ್ಲ. ಈನಿಡ್ ಒಂದು ತುತ್ತು ಕಚ್ಚಿ ಬಹಳ ಹೊತ್ತು ಅಗಿದಳು. "ಯಾರು ಕೊಟ್ಟಿದ್ದು?" "ಚರ್ಚಿನವರು." "ಸಕ್ಕರೆ ಕಮ್ಮಿ ಹಾಕಿದಾರೆ" ಎಂದಳು ಮುದುಕಿ, ಮರ್ನಾಳನ್ನೇ ನೋಡುತ್ತ, "ಗ್ಲೆನಿಸ್ ಹೀಗೇ ಮಾಡ್ತಿದ್ದಳು." ಇನ್ನೇನೂ ಕೇಳಲಿಲ್ಲ. ಬಾಟಲಿ ಮುಗಿಯುವವರೆಗೂ ದಿನಾ ಅದನ್ನೇ ಬೇಡಿದಳು. ಮುಗಿದ ಮೇಲೆ ತೊಳೆಸಿ, ತನಗೆ ಹಾಸಿಗೆಯಿಂದ ಕಾಣುವ ಹಾಗೆ ಅಡುಗೆಮನೆಯ ಕಿಟಕಿಯಲ್ಲಿ ಇಡಿಸಿದಳು. "ಬಾಟಲಿ ವಾಪಸ್ ಕೊಡ್ಬೇಕು, ಮರೀಬೇಡ." ಈ ಊರಿನಲ್ಲಿ ಯಾರೂ ಇನ್ನೊಬ್ಬರ ಬಾಟಲಿ ಇಟ್ಟುಕೊಳ್ಳುವುದಿಲ್ಲ. ಮತ್ತು ಅವತ್ತಿನಿಂದ ಈನಿಡ್ ರೇಡಿಯೋವನ್ನು ಸಣ್ಣಗೆ ಇಟ್ಟುಕೊಳ್ಳತೊಡಗಿದಳು. ಕಿವಿ ಮಂದವಾದವಳು, ಕುದುರೆಗಳ ಹೆಸರೂ ಕೇಳಿಸದಷ್ಟು ಸಣ್ಣಗೆ. ಜಗಲಿಯ ಹಲಗೆ ಕಿರುಗುಟ್ಟಿದರೆ ತಲೆ ತಿರುಗಿಸುತ್ತಿದ್ದಳು. ಆಗಸ್ಟಿನ ತನಕ ಹಾಗೆ ತಿರುಗಿಸಿದಳು, ಆಮೇಲೆ ಸತ್ತಳು.

ಈನಿಡಳಿಗೆ ಗೊತ್ತಿತ್ತು. ಎಷ್ಟು ಗೊತ್ತಿತ್ತು? ಡಬ್ಬ ನೋಡು ಎಂದದ್ದು ತುಕ್ಕಿಗಾಗಿಯೋ? ಆ ಚೀಟಿ ಗ್ಲೆನಿಸ್‌ಗಾಗಿ ಬರೆದದ್ದೋ, ಇಲ್ಲ ಇದನ್ನು ಓದಿ ನೀನೇನು ಮಾಡುತ್ತೀ ನೋಡೋಣ ಎಂದು ತನಗಾಗಿ ಇಟ್ಟದ್ದೋ? ಲೈಬ್ರರಿಯ ಗಾಜಿನ ಬಾಗಿಲನ್ನು ತಳ್ಳುವಾಗ ಮರ್ನಾಳಿಗೆ ಜೈಲಿನ ಹೆದರಿಕೆ ಇರಲಿಲ್ಲ, ಮನೆ ಹೋಗುವ ಹೆದರಿಕೆಯೂ ಒಂದು ಹೆಜ್ಜೆ ಹಿಂದೆ ಸರಿದಿತ್ತು. ಹಾಸಿಗೆಯಿಂದ ತಲೆ ತಿರುಗಿಸಿ ನೋಡುವ ಆ ಮುಖ, ಬೈಯದ ಮುಖ, ಮುಂದೆ ನಿಂತಿತ್ತು.

"ಬಾ ಮರ್ನಾ, ಕೂತ್ಕೋ. ಏನು ಕದ್ದು ಬಂದಿದೀಯಾ?" ಎಂದ ಡೆಸ್. ಹಿಂದೆ ಹಾಲಿನ ಲಾರಿ ಓಡಿಸುತ್ತಿದ್ದವನು. ಈಗ ತೋಟಗಾರಿಕೆ ಪುಸ್ತಕಗಳ ಕಪಾಟಿನ ಪಕ್ಕ ಟೈ ಕಟ್ಟಿಕೊಂಡು ಕೂತಿದ್ದ. ಎಲ್ಲರಿಗೂ ಇದೇ ಮಾತು ಹೇಳುತ್ತಾನೆಂದು ಗೊತ್ತಿದ್ದರೂ ಅವಳು ಚೀಲವನ್ನು ಎದೆಗೆ ಒತ್ತಿಕೊಂಡು ಕೂತಳು. "ಬೆಳಗಿಂದ ಒಂದು ಡೈವೋರ್ಸು, ಒಂದು ಮುರುಕು ದೋಣಿ ಮಾರಾಟ. ದೋಣಿಯವನೇ ಹೆಚ್ಚು ಅಳ್ತಿದ್ದ. ಎಲ್ಲಿ, ಕೊಡು."

ಕಾಗದ ಕೊಟ್ಟಳು. ಅವನು ಬೆರಳಿಟ್ಟು ಓದಿದ. ಒಂದನೇ ಕಲಮು, ಎರಡು, ಮೂರು. "ನಾಲ್ಕು. ಪಿನ್ನು ತುಕ್ಕು ಹಿಡಿದಿದ್ದರಿಂದ ನಾನೇ ತೆಗೆದು ಹೊಸದು ಹಾಕಿದೆ. ಅಯ್ಯೋ, ಇಷ್ಟಕ್ಕೇನಾ? ನಲವತ್ತು ವರ್ಷ ಆ ಮುದುಕಿ ಸೇವೆ ಮಾಡಿದೋಳನ್ನ ಹಿಡ್ಕೊಂಡು ಒಂದು ಪಿನ್ನಿಗೆ ಪ್ರಮಾಣ ಮಾಡು ಅಂತಾರಲ್ಲ, ಹೋಬಾರ್ಟಿನೋರಿಗೆ ಬೇರೆ ಕೆಲಸ ಇಲ್ವಾ." ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದ ಹೆಂಗಸು ತಲೆಯೆತ್ತಿ ಮರ್ನಾಳಿಗೆ ಸಹಾನುಭೂತಿಯ ನಗೆ ಬೀರಿದಳು. ಆ ನಗೆಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. "ಐದು. ಉಯಿಲಿಗೆ ಬೇರೆ ಯಾವ ಕಾಗದವೂ ಯಾವತ್ತೂ ಸೇರಿರಲಿಲ್ಲ. ಹಿಂದಿನ ಬಿಳಿ ಗುರುತು ಡಬ್ಬದಲ್ಲಿದ್ದ ಯಾವುದೋ ರಸೀದಿ ಅಂಟಿಕೊಂಡು ಆಗಿರಬಹುದು. ಅಷ್ಟೇ." ರಸೀದಿ ಎಂಬ ಮಾತು ವಕೀಲರ ಹುಡುಗಿಯದು. "ಯಾವ್ದೋ ರಸೀದಿ ಇದ್ದಿರ್ಬೇಕು, ಅಲ್ವಾ ಮಿಸೆಸ್ ಟಿಲ್ಯಾರ್ಡ್?" ಎಂದು ಅವಳೇ ದಾರಿ ತೋರಿಸಿದ್ದಳು, ಹೂಂ ಎಂದದ್ದು ಮಾತ್ರ ತಾನು.

ಡೆಸ್ ಕಪಾಟಿನಿಂದ ಬೈಬಲ್ ತೆಗೆದ. ಅದರ ಬೆನ್ನಿನ ಮೇಲೆ ಲೈಬ್ರರಿಯ ನಂಬರಿನ ಚೀಟಿ ಇತ್ತು. "ಕೈ ಇಡು. ಸುಳ್ಳಾದ್ರೆ ಜೈಲು ಅಂತ ಹೇಳೋದು ನನ್ನ ಕೆಲಸ, ಹೇಳಿದೀನಿ. ನಿಂಗಲ್ಲ, ಎಲ್ಲಾರ್ಗೂ ಹೇಳ್ತೀನಿ."

"ಐದನೇದು ಇನ್ನೊಂದ್ಸಲ ಓದು."

"ನೀನೇ ಓದ್ಕೋ." ಕಾಗದ ತಿರುಗಿಸಿದ.

ಅಕ್ಷರಗಳು ಇದ್ದವು. ಅವುಗಳ ನಡುವಿನ ಬಿಳಿಯೇ ದೊಡ್ಡದಾಗಿ ಕಾಣುತ್ತಿತ್ತು. "ಕನ್ನಡಕ ಬಿಟ್ಟು ಬಂದೆ" ಎಂದಳು.

"ಮೂಗಿನ ಮೇಲಿದೆಯಲ್ಲ ಮಾರಾಯ್ತಿ."

ಪತ್ರಿಕೆಯ ಹೆಂಗಸು ಈ ಸಲ ನಿಜವಾಗಿ ನಕ್ಕಳು. ಮರ್ನಾಳ ಕುತ್ತಿಗೆಯಿಂದ ಕಿವಿಯ ತನಕ ಬಿಸಿಯೇರಿತು. "ಇದು ದೂರದ್ದು. ಓದೋದು ಬೇರೆ" ಎಂದಳು. ಓದುವ ಕನ್ನಡಕದ ಡಬ್ಬಿ ಚೀಲದಲ್ಲೇ ಇತ್ತು. ಅದನ್ನು ಅವನೆದುರು ತೆರೆಯುವಂತಿರಲಿಲ್ಲ.

ಡೆಸ್ ಅವಳನ್ನು ನೋಡಿದ. ನಗುತ್ತಿರಲಿಲ್ಲ. "ಏನಾದ್ರೂ ಇತ್ತಾ ಮರ್ನಾ?"

"ಕನ್ನಡಕ ತರ್ತೀನಿ."

"ಒಂದು ಗಂಟೆ ತನಕ ಇರ್ತೀನಿ. ಆಮೇಲೆ ಮೀನು ಹಿಡಿಯೋಕೆ ಹೋಗೋನು" ಎಂದು ಕಾಗದವನ್ನು ಮಡಚಿ ಅವಳ ಕಡೆ ಸರಿಸಿದ. "ಸಹಿ ಹಾಕೋ ಮುಂಚೆ ಏನು ಬೇಕಾದ್ರೂ ತಿದ್ದಬಹುದು. ಹಾಕಿದ ಮೇಲೆ ಆಗಲ್ಲ."

ಹೊರಗೆ ಬಂದು ನಿಂತಳು. ಮನೆ ಎಡಕ್ಕೆ. ಒಲೆ ಇನ್ನೂ ಆರಿರುವುದಿಲ್ಲ. ರಸ್ತೆಯ ಆಚೆ ಬದಿಯಲ್ಲಿ ಚರ್ಚಿನವರು ನಡೆಸುವ ಹಳೆ ಬಟ್ಟೆಯ ಅಂಗಡಿ. ಗುರುವಾರ ಅಲ್ಲಿ ಕೂರುವವಳು ಗ್ಲೆನಿಸ್ ಎಂದು ಇಡೀ ಊರಿಗೆ ಗೊತ್ತು. ಗುರುವಾರ ಆ ಕಡೆಯ ಫುಟ್‌ಪಾತಿನಲ್ಲಿ ಮರ್ನಾ ನಡೆಯುವುದಿಲ್ಲ ಎಂಬುದೂ ಎಷ್ಟೋ ಜನರಿಗೆ ಗೊತ್ತಿರಬೇಕು. ಬಾಟಲಿ ಕೊಟ್ಟು ಬರುತ್ತೇನೆ ಎಂದುಕೊಂಡಳು. ಬಾಟಲಿ ಅಷ್ಟೇ. ಅತ್ತೆ ಹೇಳಿದ್ದರು. ಅವಳು ಗಡಿಯಾರ ನೋಡಿ, ಮತ್ತೆ ನೋಡಿ, ರಸ್ತೆ ದಾಟುವ ಹೊತ್ತಿಗೆ ಹನ್ನೆರಡು ದಾಟಿತ್ತು.

ಅಂಗಡಿಯಲ್ಲಿ ಒಗೆದ ಉಣ್ಣೆಯ ವಾಸನೆ. ಗಲ್ಲಾದ ಮೇಲೆ ಸಣ್ಣ ರೇಡಿಯೋ ಏನೋ ಹಾಡುತ್ತಿತ್ತು. ಗ್ಲೆನಿಸ್ ಗುಂಡಿ ಹೊಲಿಯುತ್ತಿದ್ದವಳು ತಲೆ ಎತ್ತಿದಳು, ಸೂಜಿಯನ್ನು ಕೋಟಿನ ಕಾಲರಿಗೆ ಚುಚ್ಚಿದಳು.

"ಈನಿಡಳ ಬಟ್ಟೆ ತಂದಿದ್ರೆ ಬಾಗಿಲ ಹತ್ರ ಇಡು. ನಾನು ಬಿಚ್ಚಿ ನೋಡಲ್ಲ, ಬೇರೆಯೋರು ನೋಡ್ತಾರೆ."

"ಬಟ್ಟೆ ಅಲ್ಲ." ಟವೆಲ್ ಬಿಚ್ಚಿ ಬಾಟಲಿಯನ್ನು ಗಲ್ಲಾದ ಮೇಲಿಟ್ಟಳು.

ಗ್ಲೆನಿಸ್ ಅದನ್ನು ಮುಟ್ಟಲಿಲ್ಲ. "ಚೆಲ್ಲಿದೆ ಅನ್ಕೊಂಡಿದ್ದೆ."

"ಇಲ್ಲ. ಪೂರ್ತಿ ತಿಂದರು. ಕೊನೇಲಿ ಬೆರಳು ಹಾಕಿ ಬಳಿದ್ರು. ಸಕ್ಕರೆ ಕಮ್ಮಿ ಅಂದ್ರು."

"ಯಾವಾಗ್ಲೂ ಅದೇ ಅಂತಿದ್ದಳು." ಗ್ಲೆನಿಸ್ ಕಾಲರಿನಿಂದ ಸೂಜಿ ತೆಗೆದು ಮತ್ತೆ ಅಲ್ಲೇ ಚುಚ್ಚಿದಳು. "ನಾನು ಕೊಟ್ಟಿದ್ದು ಅಂತ ಹೇಳಿದ್ಯಾ?"

"ಹೇಳಲಿಲ್ಲ. ಗೊತ್ತಾಯ್ತು ಅವರಿಗೆ."

ಆಮೇಲೆ ಗ್ಲೆನಿಸ್, ಬಾಟಲಿಯೊಡನೆ ಮಾತಾಡುವವಳ ಹಾಗೆ, ತಗ್ಗಿದ ದನಿಯಲ್ಲಿ ಹೇಳತೊಡಗಿದಳು. "ನೋಡು ಮರ್ನಾ, ಆ ಮನೆ ವಿಷಯಕ್ಕೆ ಬಂದಿದ್ರೆ, ನಂಗೆ ಬೇಡ. ವಕೀಲರಿಗೂ ಹಾಗೇ ಬರೆದು ಕೊಡ್ತೀನಿ ಬೇಕಾದ್ರೆ. ಅವತ್ತೂ ಮನೆ ಕೇಳೋಕೆ ಬಂದಿರ್ಲಿಲ್ಲ. ಒಂಬತ್ತು ವರ್ಷ ಆಯ್ತಲ್ಲ ಸಾಕಾ ಅಂತ ಕೇಳೋಣ ಅಂತ ಬಂದೆ. ಅವಳು ಮಲಗಿರ್ಲಿಲ್ಲ. ಅದು ನಂಗೊತ್ತು. ನಿಂದೇನೂ ತಪ್ಪಿಲ್ಲ, ನೀನು ಅವಳು ಹೇಳಿದ್ದು ಹೇಳಿದೆ. ನಾನು ಗೇಟಿನ ತನಕ ಹೋಗಿ ಸುಮ್ನೆ ನಿಂತೆ. ಮನಸ್ಸು ಬದಲಾಯಿಸಿ ಕರೀತಾಳೇನೋ ಅಂತ. ಆಗ ರೇಡಿಯೋ ಜೋರು ಮಾಡಿದಳು. ನನ್ನ ದನಿ ಕೇಳಿಸ್ಕೊಂಡು, ಬೇಕು ಅಂತಲೇ. ಇಡೀ ಬೀದಿಗೆ ಕುದುರೆ ಓಡಿದ ಹಾಗೆ. ಆ ಸದ್ದು ಇನ್ನೂ—" ಅವಳು ಕೈಯನ್ನು ಕಿವಿಯ ಹತ್ತಿರ ತಂದು, ಏನೆಂದು ತೋರಿಸಲಾಗದೆ, ಕೆಳಗಿಳಿಸಿದಳು. "ಹೋಗ್ಲಿ. ಸತ್ತೋಳ ಮೇಲೆ ಏನು. ನಿನ್ನ ಮನೆ ನಿಂಗಿರ್ಲಿ."

ಅಲ್ಲಿಗೆ ಎಲ್ಲವೂ ಮುಗಿಯಬಹುದಿತ್ತು. ಮರ್ನಾಳಿಗೆ ಅದು ಸ್ಪಷ್ಟವಾಗಿ ಕಂಡಿತು: ಥ್ಯಾಂಕ್ಸ್ ಎಂದು ಹೇಳಿ, ರಸ್ತೆ ದಾಟಿ, ಬೈಬಲ್ಲಿನ ಮೇಲೆ ಕೈಯಿಟ್ಟು, ಮನೆಗೆ ಹೋಗಿ ಒಲೆಯ ಬಾಗಿಲು ತೆರೆಯುವುದು. ಮನೆ ಉಳಿಯುತ್ತದೆ. ಕೋಳಿಗಳು ಉಳಿಯುತ್ತವೆ. ಆದರೆ ಇಷ್ಟು ದಿನ ಹೊಸ್ತಿಲಲ್ಲಿ ಮುಗ್ಗರಿಸುತ್ತಿದ್ದ ನೆನಪು ಈಗ, ಈ ಅಂಗಡಿಯ ಉಣ್ಣೆಯ ವಾಸನೆಯ ನಡುವೆ, ತಾನಾಗಿ ಒಳಗೆ ಹೋಗಿಬಿಟ್ಟಿತು. ಹಾಸಿಗೆಯ ಪಕ್ಕದ ಮೇಜು. ಕಂದು ರೇಡಿಯೋ. ಈನಿಡ್ "ಯಾರೇ ಅದು, ಯಾರ ದನಿ?" ಎಂದು ಕತ್ತು ಉದ್ದ ಮಾಡಿದ್ದಾಳೆ, ಎರಡು ಕೈಯನ್ನೂ ಹಾಸಿಗೆಗೆ ಊರಿ ಏಳಲು ನೋಡುತ್ತಿದ್ದಾಳೆ. ಮತ್ತು ಯಾರದೋ ಕೈ, ಆಲೂಗಡ್ಡೆಯ ಮಣ್ಣು ಉಗುರಿನಲ್ಲಿ ಉಳಿದ, ಮದುವೆಯ ಉಂಗುರ ಬಿಗಿಯಾದ ಕೈ.

ಅವಳು ಕನ್ನಡಕದ ಡಬ್ಬಿ ತೆಗೆದಳು. ಚೀಟಿಯನ್ನು ಬಿಡಿಸಿ, ಬೆಣ್ಣೆ ಸೋಡಾ ಬಲ್ಬಿನ ಬದಿ ಕೆಳಗೆ ಬರುವ ಹಾಗೆ, ಬಾಟಲಿಯ ಪಕ್ಕ ಇಟ್ಟಳು. ಗ್ಲೆನಿಸ್ ಓದಿದಳು. ಮೂಲೆಯ ಎರಡು ತೂತುಗಳ ಮೇಲೆ, ತುಕ್ಕಿನ ಮೇಲೆ, ಬೆರಳಿನ ತುದಿ ಆಡಿಸಿದಳು.

"ಇದೇನು?"

"ರೇಡಿಯೋ ಜೋರು ಮಾಡಿದ್ದು ಅವರಲ್ಲ" ಎಂದಳು ಮರ್ನಾ. ತನ್ನ ದನಿ ಎಷ್ಟು ಸಣ್ಣದಾಗಿ ಬಂತೆಂದರೆ ಹಾಡಿನ ನಡುವೆ ಕೇಳಿಸಿತೋ ಇಲ್ಲವೋ ಎಂದು ಹೆದರಿದಳು. ಇನ್ನೊಂದು ಸಲ ಹೇಳಬೇಕಾಗುತ್ತದೆ ಎಂದು ಅದಕ್ಕಿಂತ ಹೆಚ್ಚು ಹೆದರಿದಳು. "ಅವರು ಏಳೋಕೆ ನೋಡ್ತಿದ್ರು. ಗುಂಡಿ ತಿರುಗಿಸಿದ್ದು ನಾನು."

ಗ್ಲೆನಿಸ್ ಅವಳ ಮುಖ ನೋಡಲಿಲ್ಲ, ಕೈ ನೋಡಿದಳು. ಗಲ್ಲಾದ ಅಂಚನ್ನು ಹಿಡಿದಿದ್ದ ಆ ಕೈಯನ್ನು ಎಲ್ಲಿ ಅಡಗಿಸಬೇಕೋ ಮರ್ನಾಳಿಗೆ ತೋಚಲಿಲ್ಲ. ಎದುರಿನ ಲೈಬ್ರರಿಯ ಬಾಗಿಲು ತೆರೆದು ಮುಚ್ಚಿತು, ಯಾರೋ ಹೊರಗೆ ಬಂದರು, ಡೆಸ್ ಅಲ್ಲ.

"ಒಂದು ಗಂಟೆಗೆ ಡೆಸ್ ಹೊರಟುಹೋಗ್ತಾನೆ" ಎಂದಳು, ಏನಾದರೂ ಹೇಳಬೇಕೆಂದು.

"ಹೋಗ್ಲಿ." ಗ್ಲೆನಿಸ್ ಕೈ ಚಾಚಿ ರೇಡಿಯೋ ಆರಿಸಿದಳು. ಬಾಗಿಲಿಗೆ ಹೋಗಿ ಚಿಲಕ ಹಾಕಿ ಬಂದಳು. ಹಳೆಯ ಕುರ್ಚಿಯೊಂದನ್ನು ಕಾಲಿನಿಂದ ಮರ್ನಾಳ ಕಡೆ ತಳ್ಳಿ, ತಾನು ನಿಂತೇ ಇದ್ದಳು.

"ಏಳೋಕೆ ನೋಡ್ತಿದ್ದಳು ಅಂದ್ಯಲ್ಲ" ಎಂದಳು. "ಹೇಗೆ ನೋಡ್ತಿದ್ದಳು, ಅದನ್ನ ಹೇಳು."